ಕೋಶದೊಳಗಿನ ಅಕ್ಷರಕ್ಕೂ ಅಂದ ಕೊಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಪಂಚಾಯ್ತಿ, ಸೊಸೈಟಿ, ಅಂಗಡಿಗಳಲ್ಲಿ ದಿನವೂ ಎಕ್ಸೆಲ್ ಹಾಳೆ ತುಂಬುವ ಗೆಳೆಯರೇ, ಈ ಮಾತು ನಿಮಗೆ.

ಒಂದೇ ಪದ ಎದ್ದು ಕಾಣಲಿ ಎಂದು ಹೊಸ ಕಾಲಂ ತೆರೆಯಬೇಡಿ. ಕೋಶದ ಮೇಲೆ ನಿಂತು ಎಫ್2 ಒತ್ತಿ. ಶಿಫ್ಟ್ ಹಿಡಿದು ಬಾಣದ ಕೀಲಿಯಿಂದ ಬೇಕಾದಷ್ಟೇ ಅಕ್ಷರ ಆರಿಸಿ. ಕಂಟ್ರೋಲ್-ಬಿ ಒತ್ತಿದರೆ ಅಷ್ಟೇ ದಪ್ಪವಾಗುತ್ತದೆ. ಬಣ್ಣ, ಗಾತ್ರ ಬದಲಿಸಲು, ‘ಮೀ²’ದಂತೆ ಅಂಕಿ ಮೇಲೇರಿಸಲು ಕಂಟ್ರೋಲ್-1 ಒತ್ತಿ.

ಆದರೆ ಇದು ಪಠ್ಯಕ್ಕೆ ಮಾತ್ರ. ಬರೀ ಸಂಖ್ಯೆ, ಸೂತ್ರಗಳಿರುವ ಕೋಶದಲ್ಲಿ ನಡೆಯದು. ಸರ್ವೆ ನಂಬರ್ 12/2 ಎಂದು ಹೊಡೆದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ಆ ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿಕೊಳ್ಳಿ.

ಹಳೆಯ ನುಡಿ ಫಾಂಟಿನಲ್ಲಿ ಕನ್ನಡದ ನಡುವೆ ಇಂಗ್ಲಿಷ್ ಬಂದರೆ ತುಣುಕು ತುಣುಕಿಗೂ ಫಾಂಟ್ ಬದಲಿಸಬೇಕು. ಸೂತ್ರದಿಂದ ಬೇರೆ ಕೋಶಕ್ಕೆ ತಂದರೆ ಆ ಶ್ರಮವೂ ಉಳಿಯದು. 1991ರಿಂದಲೇ ಯೂನಿಕೋಡ್‌ನಲ್ಲಿ ಕನ್ನಡವಿದೆ. ಅದರಲ್ಲಿ ಟೈಪಿಸಿ, ನಿರ್ಮಲಾ ಯುಐ ಫಾಂಟ್ ಇಡಿ. ಎರಡೂ ಭಾಷೆ ಒಟ್ಟಿಗೆ ಕೂರುತ್ತವೆ, ಹುಡುಕುವುದೂ ಸುಲಭ. ಹಳೆಯ ಹಾಳೆ ಪರಿವರ್ತಿಸುವ ಮುನ್ನ ಒಂದು ಪ್ರತಿ ತೆಗೆದಿಡಿ.

ಇನ್ನೊಂದು ಮಾತು: ಬಾಕಿದಾರರನ್ನು ಕೆಂಪು ಬಣ್ಣದಿಂದಷ್ಟೇ ಗುರುತಿಸಬೇಡಿ. ಸಾಮಾನ್ಯ ಸೂತ್ರಗಳು ಬಣ್ಣವನ್ನು ಎಣಿಸುವುದಿಲ್ಲ, ಕಪ್ಪು-ಬಿಳುಪು ಪ್ರಿಂಟಿನಲ್ಲಿ ಅದು ಕಾಣುವುದೂ ಇಲ್ಲ. ಪಕ್ಕದ ಕಾಲಂನಲ್ಲಿ ‘ಬಾಕಿ’ ಎಂದು ಬರೆಯಿರಿ. ಬಣ್ಣವನ್ನು ಓದುವವರ ಅನುಕೂಲಕ್ಕೆ ಮಾತ್ರ ಬಳಸಿ.