ಕೀಬೋರ್ಡಿನ ನೆನಪು, ಗ್ರಾಹಕನ ಗಡುವು

ಹಾರ್ಮೋನಿಯಂ ಕೆಟ್ಟರೆ ಕಿವಿಗೆ ತಿಳಿಯುತ್ತದೆ. ರೀಡು ಸಡಿಲಿದರೆ ಸ್ವರ ಒಡೆಯುತ್ತದೆ, ತಿದಿ ಹರಿದರೆ ಗಾಳಿ ಸೋರುತ್ತದೆ, ದುರಸ್ತಿಗಾರನು ಮುಚ್ಚಳ ತೆಗೆದು ಬೆರಳಿಟ್ಟು ತೋರಿಸಬಲ್ಲನು. ವಿದ್ಯುನ್ಮಾನ ಕೀಬೋರ್ಡಿನಲ್ಲಿ ನಾದವನ್ನೂ ತಾಳವನ್ನೂ, ವಾದಕನು ತನ್ನ ಅಭಿರುಚಿಗೆ ತಕ್ಕಂತೆ ಹೊಂದಿಸಿ ಉಳಿಸಿಕೊಂಡ ಟೋನುಗಳನ್ನೂ ಧರಿಸಿರುವ ಫ್ಲಾಶ್ ಮೆಮೊರಿಯ ದೋಷವಾದರೋ, ಇಂದು ಉಳಿಸಿದ್ದೊಂದು ಕಾಣೆಯಾಗಿ, ನಾಳೆ ತಾನಾಗಿ ಮರಳಿ, ಮತ್ತೊಂದು ವಾರಕ್ಕೆ ಯಂತ್ರವೇ ಆರಂಭದ ಪರದೆಯ ಮೇಲೆ ಸ್ತಬ್ಧವಾಗಿ ನಿಂತುಬಿಡುವ ರೀತಿಯಲ್ಲಿ, ಮೆಲ್ಲಮೆಲ್ಲನೆ ಪ್ರಕಟವಾಗುತ್ತದೆ. ಕಾನೂನು ಮಾತ್ರ ದಿನಾಂಕವನ್ನು ಕೇಳುತ್ತದೆ. ಗ್ರಾಹಕನ ಕಷ್ಟವೆಲ್ಲವೂ ಈ ಎರಡರ ನಡುವೆ ಇದೆ.

ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುವೊಕಾ ಅವರು 1980ರ ದಶಕದಲ್ಲಿ ರೂಪಿಸಿದ ಫ್ಲಾಶ್ ಮೆಮೊರಿಯು, ಅತಿ ತೆಳುವಾದ ನಿರೋಧಕ ಪದರದ ಹಿಂದೆ ವಿದ್ಯುದಾವೇಶವನ್ನು ಸೆರೆಹಿಡಿದು, ಆ ಆವೇಶದ ಪ್ರಮಾಣವನ್ನೇ ಮಾಹಿತಿಯೆಂದು ಓದುವ ಉಪಾಯ. ಪ್ರತಿ ಸಲ ಅಳಿಸಿ ಬರೆದಾಗಲೂ ಆ ಪದರ ಕಿಂಚಿತ್ತು ಜೀರ್ಣವಾಗುತ್ತದೆ. ಬರೆಯದೆ ಸುಮ್ಮನಿಟ್ಟರೂ ಆವೇಶ ಸೋರುತ್ತದೆ. ಉಷ್ಣವು ಈ ಸೋರಿಕೆಯನ್ನು ತ್ವರೆಗೊಳಿಸುತ್ತದೆ. ಒಂದು ಕೋಶದಲ್ಲಿ ಒಂದೇ ಬಿಟ್ಟನ್ನಿಡುವ ಚಿಪ್ಪು ಸುಮಾರು 1,00,000 ಸಲ ಅಳಿಸಿ ಬರೆಯುವುದನ್ನು ತಾಳಿದರೆ, ಮೂರು ಬಿಟ್ಟುಗಳನ್ನು ತುರುಕಿದ ಅಗ್ಗದ ಚಿಪ್ಪು ಕೆಲವೇ ಸಾವಿರಕ್ಕೆ ದಣಿಯುತ್ತದೆ. ಫ್ಲಾಶ್ ಚಿಪ್ಪುಗಳಿಂದಾದ ಶೇಖರಣಾ ಘಟಕವಾದ ಗೃಹಬಳಕೆಯ ಎಸ್‌ಎಸ್‌ಡಿಯು ತನ್ನ ನಿಗದಿತ ಸವೆತವನ್ನು ಪೂರೈಸಿದ ಬಳಿಕವೂ, ವಿದ್ಯುತ್ತಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿಯನ್ನು ಕಾಪಾಡಬೇಕೆಂಬುದು ಜೆಡೆಕ್ ಎಂಬ ಮಾನಕ ಸಂಸ್ಥೆಯ ನಿಯಮ. ಬೇಸಗೆಯ ಕಲಬುರಗಿಯಲ್ಲಿ ಸಂಗೀತ ಮಂಡಳಿಯ ವ್ಯಾನಿನೊಳಗೆ ಬಿಸಿಲಿಗೆ ಬಿಟ್ಟ ವಾದ್ಯವು 30 ಡಿಗ್ರಿಯಲ್ಲಿರುವುದಿಲ್ಲವೆಂಬುದನ್ನು ಹೇಳಬೇಕಾದುದಿಲ್ಲ.

ಆದರೂ, ಚಿಪ್ಪು ಸವೆದುಹೋಗುವುದೆಂಬ ಭಯವನ್ನು ಜನ ತುಸು ಅತಿಯಾಗಿಯೇ ಬೆಳೆಸಿಕೊಂಡಿದ್ದಾರೆಂದು ನನ್ನ ಅಭಿಪ್ರಾಯ. ಕೀಬೋರ್ಡು ಗಣಕದಂತೆ ಹಗಲಿರುಳು ಬರೆಯುವ ಯಂತ್ರವಲ್ಲ. ಅದು ಬಹುತೇಕ ಓದುತ್ತಲೇ ಇರುತ್ತದೆ. ಅದಕ್ಕಿಂತ ಭಯಪಡಬೇಕಾದುದು ಉಳಿಸುತ್ತಿರುವ ಕ್ಷಣದಲ್ಲಿಯೇ ಕರೆಂಟು ಹೋಗುವುದಕ್ಕೆ, ಚಿಪ್ಪನ್ನು ಆಳುವ ಕಂಟ್ರೋಲರು ಕೆಡುವುದಕ್ಕೆ, ಬೆಸುಗೆ ಬಿಡುವುದಕ್ಕೆ. 1983ರ ಯಮಾಹಾ ಡಿಎಕ್ಸ್7 ವಾದ್ಯವು ತನ್ನ ಧ್ವನಿಗಳನ್ನು ಒಂದು ಪುಟ್ಟ ಬ್ಯಾಟರಿಯ ಬಲದಿಂದ ನೆನಪಿಟ್ಟುಕೊಂಡಿತ್ತು. ಬ್ಯಾಟರಿ ತೀರಿದರೆ ಹೊಸದನ್ನು ಹಾಕಬಹುದಾಗಿತ್ತು. 2011ರ ಕೋರ್ಗ್ ಕ್ರೋನೋಸ್‌ನಲ್ಲಿ ಎಸ್‌ಎಸ್‌ಡಿಯು ಪ್ರತ್ಯೇಕ ಘಟಕವಾಗಿ ಕೂತಿದೆ. ಮೆಮೊರಿ ಚಿಪ್ಪನ್ನು ಮೇನ್ ಬೋರ್ಡಿಗೇ ಬೆಸೆದಿರುವ ವಾದ್ಯಗಳಲ್ಲಿ ಹಾಗಲ್ಲ. ಅಲ್ಲಿ ಒಂದು ಚಿಪ್ಪು ಕೆಟ್ಟಿತೆಂದರೆ ಸರ್ವೀಸ್ ಸೆಂಟರಿನವರು “ಬೋರ್ಡೇ ಹೋಗಿದೆ” ಎನ್ನುತ್ತಾರೆ, ವಾದ್ಯದ ಬೆಲೆಯ ಒಂದು ದೊಡ್ಡ ಪಾಲನ್ನು ಕೇಳುತ್ತಾರೆ. ಆದುದರಿಂದ ಕೊಳ್ಳುವ ಮುನ್ನವೇ, ಮೆಮೊರಿಯನ್ನು ಬೇರೆಯಾಗಿ ಬದಲಿಸಬಹುದೆ ಎಂದು ಲಿಖಿತವಾಗಿ ಕೇಳಿ, ಬಂದ ಉತ್ತರವನ್ನು ಬಿಲ್ಲಿನೊಡನೆ ಇಟ್ಟುಕೊಳ್ಳತಕ್ಕದ್ದು. ಮಾರುವವನು ಹೇಳಿಕೊಂಡ ಗುಣವು ವಸ್ತುವಿನಲ್ಲಿ ಇಲ್ಲದಿದ್ದರೆ ಅದೂ ದೋಷವೆಂದೇ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ಪರಿಗಣಿಸುತ್ತದೆ.

ಈ ಅಧಿನಿಯಮದ 69ನೆಯ ಕಲಮು, ವ್ಯಾಜ್ಯಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರನ್ನು ಸಲ್ಲಿಸಬೇಕೆಂದು ವಿಧಿಸುತ್ತದೆ; ಸಾಕಷ್ಟು ಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದೆಂಬುದು ನಿಜವಾದರೂ ಅದು ಹಕ್ಕಲ್ಲ, ಗ್ರಾಹಕ ಆಯೋಗದ ವಿವೇಚನೆ. ಕಂಪನಿಗೆ ಮೇಲಿಂದ ಮೇಲೆ ಪತ್ರ ಬರೆಯುತ್ತಿದ್ದ ಮಾತ್ರಕ್ಕೆ ಈ ಗಡುವು ಮುಂದಕ್ಕೆ ಹೋಗುವುದಿಲ್ಲ. ಇತ್ತ ವಾರಂಟಿಯ ಚೀಟಿಯು ಅದಕ್ಕಿಂತಲೂ ಬೇಗ ಮುಗಿಯುವುದೇ ಹೆಚ್ಚು. ಹೀಗಿರುವಲ್ಲಿ, ಮೊದಲ ಸಲ ಒಂದು ಟೋನು ಕಾಣೆಯಾದ ದಿನವೇ, ಅದು ಮರುದಿನ ತಾನಾಗಿ ಸರಿಹೋದರೂ ಸಹ, ಮೊಬೈಲಿನಲ್ಲಿ ಚಿತ್ರೀಕರಿಸಿ, ಕಂಪನಿಗೆ ಇಮೇಲ್ ಕಳುಹಿಸಿ, ವಾರಂಟಿಯೊಳಗೆ ದೋಷ ತಲೆದೋರಿತ್ತೆಂಬುದಕ್ಕೆ ದಿನಾಂಕವುಳ್ಳ ಸಾಕ್ಷ್ಯವನ್ನು ಹುಟ್ಟಿಸಿಕೊಳ್ಳುವುದೇ ಗ್ರಾಹಕನು ಮಾಡಬೇಕಾದ ಕೆಲಸಗಳಲ್ಲಿ ಮುಖ್ಯವಾದುದು.

ಸರ್ವೀಸ್ ಸೆಂಟರಿನ ಕೌಂಟರಿನಲ್ಲಿ ಇನ್ನೊಂದು ಎಚ್ಚರ ಬೇಕು. ಅಲ್ಲಿಯ ಜಾಬ್ ಶೀಟಿನಲ್ಲಿ “ವರ್ಕ್ ಆಗುತ್ತಿಲ್ಲ” ಎಂದು ಗೀಚಿ ಸಹಿ ಕೇಳುವರು. ಸಹಿ ಹಾಕುವ ಮೊದಲು “ಉಳಿಸಿದ ಟೋನುಗಳು ಆಫ್ ಮಾಡಿ ಆನ್ ಮಾಡಿದೊಡನೆ ಅಳಿಯುತ್ತವೆ” ಎಂಬಷ್ಟು ಸ್ಪಷ್ಟವಾಗಿ ಬರೆಯಿಸತಕ್ಕದ್ದು. ಫ್ಯಾಕ್ಟರಿ ರೀಸೆಟ್ ಮಾಡಿದರೆ ನಿಮ್ಮ ಮಾಹಿತಿಯೊಡನೆ ದೋಷದ ಕುರುಹೂ ಅಳಿದುಹೋಗಬಹುದಾದ್ದರಿಂದ, ಅದಕ್ಕೆ ಮುನ್ನ ಯುಎಸ್‌ಬಿಗೆ ಪ್ರತಿ ತೆಗೆದುಕೊಡುವಂತೆ ಬರೆದು ಕೇಳಬೇಕು. ಹಣ ಕೊಟ್ಟು ಬೋರ್ಡನ್ನು ಬದಲಿಸಿಕೊಂಡಿರಾದರೆ ಹಳೆಯ ಬೋರ್ಡನ್ನು ಕೇಳಿ ಪಡೆಯಿರಿ. ಮುಂದೆ ಪರೀಕ್ಷೆಗೆ ಕಳುಹಿಸಬಹುದಾದ ವಸ್ತು ಅದೊಂದೇ. ಸ್ವತಃ ಮುಚ್ಚಳ ಬಿಚ್ಚಿದರೆ ವಾರಂಟಿ ಹೋಯಿತೆಂದು ಕಂಪನಿ ವಾದಿಸುವುದಕ್ಕೆ ಆಸ್ಪದವಾಗುತ್ತದೆ.

ರಸಮಂಜರಿ ಕಾರ್ಯಕ್ರಮಗಳಲ್ಲಿ ನುಡಿಸಿ ಹೊಟ್ಟೆ ಹೊರೆಯುವ ವಾದಕನಿಗೆ ಕಂಪನಿಯವರು ಮೊದಲು ಎಸೆಯುವ ಆಕ್ಷೇಪಣೆ, ನೀನು ಗ್ರಾಹಕನೇ ಅಲ್ಲ, ವಾಣಿಜ್ಯೋದ್ದೇಶಕ್ಕೆ ಕೊಂಡವನು ಎಂಬುದು. ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕೊಂಡು ತಾನೇ ಬಳಸುವುದು ವಾಣಿಜ್ಯೋದ್ದೇಶವಲ್ಲವೆಂದು ಅಧಿನಿಯಮದ ವಿವರಣೆಯೇ ಹೇಳಿದೆ. ಸರ್ವೋಚ್ಚ ನ್ಯಾಯಾಲಯವೂ 1995ರ ಲಕ್ಷ್ಮೀ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ, ಜೀವನೋಪಾಯಕ್ಕಾಗಿ ತಾನೇ ಓಡಿಸಲು ಆಟೋರಿಕ್ಷಾ ಕೊಂಡವನನ್ನು ಗ್ರಾಹಕನೆಂದೇ ಎಣಿಸಿತು. ಹಲವು ಕೀಬೋರ್ಡುಗಳನ್ನು ಕೊಂಡು ಬಾಡಿಗೆಗೆ ಕೊಡುವವನ ಸ್ಥಿತಿ ಬೇರೆ.

ಉತ್ಪನ್ನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯವೊಂದು 2019ರ ಅಧಿನಿಯಮದಲ್ಲಿದೆಯೆಂದು ಕೇಳಿ ಅನೇಕರು ಅದರಡಿಯಲ್ಲಿಯೇ ದೂರು ಬರೆಯುತ್ತಾರೆ. ಇದು ತಪ್ಪು ದಾರಿ. ಆ ಅಧ್ಯಾಯದ ‘ಹಾನಿ’ಯಲ್ಲಿ ಉತ್ಪನ್ನಕ್ಕೇ ಆದ ಹಾನಿಯೂ, ವಾಣಿಜ್ಯ ಅಥವಾ ಆರ್ಥಿಕ ನಷ್ಟವೂ ಸೇರುವುದಿಲ್ಲವೆಂದು 2(22)ನೆಯ ಕಲಮು ಸ್ಪಷ್ಟಪಡಿಸಿದೆ. ಕೀಬೋರ್ಡಿನಿಂದ ಬೆಂಕಿ ಹೊತ್ತಿ ಮನೆ ಸುಟ್ಟರೆ ಆ ದಾರಿ. ಕೀಬೋರ್ಡು ತಾನೇ ಮರೆತರೆ ‘ದೋಷ’ ಮತ್ತು ‘ಸೇವಾ ನ್ಯೂನತೆ’ ಎಂಬ ಹಳೆಯ ದಾರಿಯೇ ಸರಿ. ಅದರಲ್ಲಿ ದೋಷ ನಿವಾರಣೆ, ಬದಲಿ ವಸ್ತು, ಬೆಲೆಯ ವಾಪಸಾತಿ, ಎದುರುಪಕ್ಷದ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ ಪರಿಹಾರ ಇವನ್ನೆಲ್ಲ ಕೇಳಬಹುದು. ಕಳೆದುಹೋದ ಟೋನುಗಳಿಗೆ ಪರಿಹಾರ ದೊರೆಯುವುದು ಮಾತ್ರ ಕಠಿನ. ಮಾಹಿತಿಯ ನಷ್ಟಕ್ಕೆ ತಾನು ಹೊಣೆಯಲ್ಲವೆಂದು ತಯಾರಕನು ಕೈಪಿಡಿಯಲ್ಲಿ ಬರೆದೇ ಇರುತ್ತಾನೆ, ಪ್ರತಿ ಇಟ್ಟುಕೊಳ್ಳಬೇಕಾದುದು ನಿನ್ನ ಕರ್ತವ್ಯವಾಗಿತ್ತಲ್ಲವೆ ಎಂದು ಆಯೋಗವೂ ಕೇಳೀತು.

ವಿಧಾನವು ಕ್ಲಿಷ್ಟವಲ್ಲ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರನ್ನು ದಾಖಲಿಸಿದರೆ ಎಷ್ಟೋ ವೇಳೆ ಅಲ್ಲಿಯೇ ಇತ್ಯರ್ಥವಾಗುತ್ತದೆ. ಆದರೆ ಅದು ನ್ಯಾಯಾಲಯವಲ್ಲ, ಅಲ್ಲಿ ಕಾಯುವ ಕಾಲವು ಎರಡು ವರ್ಷದ ಗಡುವನ್ನು ನಿಲ್ಲಿಸುವುದೂ ಇಲ್ಲ. ಬಳಿಕ ಅಂಗಡಿಗೂ ತಯಾರಕನಿಗೂ ಆಮದುದಾರನಿಗೂ ಸ್ಪೀಡ್ ಪೋಸ್ಟಿನಲ್ಲಿ ನೋಟೀಸು ಕಳುಹಿಸಿ, ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗುವುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಅಧಿಕಾರ ಜಿಲ್ಲಾ ಆಯೋಗದ್ದೇ. 5 ಲಕ್ಷದವರೆಗೆ ಶುಲ್ಕವಿಲ್ಲ. ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ದೂರುದಾರನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ಸಲ್ಲಿಸಬಹುದೆಂಬುದು 2019ರಲ್ಲಿ ದೊರೆತ ದೊಡ್ಡ ಅನುಕೂಲ: ಶಿರಸಿಯ ವಾದಕನು ಗುರುಗ್ರಾಮಕ್ಕೆ ಅಲೆಯಬೇಕಾಗಿಲ್ಲ. ಅಂತರ್ಜಾಲದಲ್ಲಿ ಇ-ಜಾಗೃತಿ ಎಂಬ ತಾಣದ ಮೂಲಕವೂ ಸಲ್ಲಿಸಬಹುದು, ವಕೀಲರಿಲ್ಲದೆ ತಾನೇ ವಾದಿಸಬಹುದು, ಅರ್ಜಿ ಹಾಕಿಕೊಂಡು ವಿಡಿಯೊ ಮೂಲಕ ಹಾಜರಾಗಬಹುದು.

ವಿಚಾರಣೆ ನಡೆಯುವುದು ಮುಖ್ಯವಾಗಿ ಪ್ರಮಾಣಪತ್ರ ಮತ್ತು ದಾಖಲೆಗಳ ಮೇಲೆ. ಪರೀಕ್ಷೆಯಿಲ್ಲದೆ ದೋಷ ನಿರ್ಧಾರವಾಗದಿದ್ದರೆ 38ನೆಯ ಕಲಮಿನಂತೆ ವಸ್ತುವನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿ, 45 ದಿನಗಳಲ್ಲಿ ವರದಿ ತರಿಸುವ ಅಧಿಕಾರ ಆಯೋಗಕ್ಕುಂಟು. ಅದರ ವೆಚ್ಚವನ್ನು ದೂರುದಾರನಿಂದ ಠೇವಣಿ ಇಡಿಸಬಹುದು. ಕೀಬೋರ್ಡಿನ ಚಿಪ್ಪನ್ನು ಬಲ್ಲ ಪ್ರಯೋಗಾಲಯ ಸುಲಭವಾಗಿ ಸಿಗದಾದ್ದರಿಂದ, ನುರಿತ ಸ್ವತಂತ್ರ ತಂತ್ರಜ್ಞನೊಬ್ಬನ ವರದಿಯನ್ನು ಅವನ ಪ್ರಮಾಣಪತ್ರದೊಡನೆ ದೂರಿನೊಂದಿಗೇ ಲಗತ್ತಿಸುವುದು ಜಾಣತನ. ಪರೀಕ್ಷೆ ಬೇಕಿಲ್ಲದ ಪ್ರಕರಣ 3 ತಿಂಗಳಲ್ಲಿ, ಬೇಕಾದದ್ದು 5 ತಿಂಗಳಲ್ಲಿ ಮುಗಿಯಬೇಕೆಂದು ಶಾಸನ ಹೇಳುತ್ತದೆ. ಶಾಸನದ ಕ್ಯಾಲೆಂಡರೂ ಆಯೋಗದ ಕ್ಯಾಲೆಂಡರೂ ಒಂದೇ ಆಗಿರುವುದು ವಿರಳ. ಆದೇಶ ಒಪ್ಪಿಗೆಯಾಗದಿದ್ದರೆ 45 ದಿನಗಳಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ.

ದುಬಾಯಿಯಿಂದಲೋ ಸಿಂಗಪುರದಿಂದಲೋ ಬಂಧುಗಳು ತಂದುಕೊಟ್ಟ ವಾದ್ಯಗಳ ವಿಷಯದಲ್ಲಿ ಇಷ್ಟು ಧೈರ್ಯ ಹೇಳಲಾರೆ. ವಾರಂಟಿಯು ಮಾರಾಟವಾದ ದೇಶಕ್ಕೆ ಸೀಮಿತವಾಗಿರುವುದೇ ವಾಡಿಕೆ. ಮಾರಿದವನು ಭಾರತದಲ್ಲಿಲ್ಲ, ಇಲ್ಲಿನ ಕಂಪನಿಯು ತಾನು ಮಾರಿದ್ದಲ್ಲವೆನ್ನುತ್ತದೆ. ಅಂತಹ ವಾದ್ಯವನ್ನು ಕೊಂಡ ಊರಿನಲ್ಲಿಯೇ ಬಿಲ್ಲು ಯಾರ ಹೆಸರಿನಲ್ಲಿದೆ, ವಾರಂಟಿ ಎಲ್ಲೆಲ್ಲಿ ಸಲ್ಲುತ್ತದೆ ಎಂಬುದನ್ನು ವಿಮಾನ ಹತ್ತುವ ಮೊದಲೇ ಓದಿಕೊಳ್ಳಲು ಅವರಿಗೆ ಹೇಳಿ.