ಅಂಗಡಿಯ ಮೆಟ್ಟಿಲು

ನಮ್ಮ ಹಡಪಸರವು ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಬೆಳೆದ ಊರು. ಕಿರಾಣಿ, ಔಷಧ, ಬಟ್ಟೆ, ಪುಸ್ತಕಗಳ ಸಣ್ಣ ಅಂಗಡಿಗಳು ಇಲ್ಲಿ ಸಾಲುಗಟ್ಟಿ ನಿಂತಿವೆ. ಮಳೆಯ ನೀರು ಒಳನುಗ್ಗದಿರಲೆಂದು ಅನೇಕ ಅಂಗಡಿಗಳನ್ನು ಬೀದಿಗಿಂತ ಒಂದೆರಡು ಮೆಟ್ಟಿಲು ಎತ್ತರದಲ್ಲಿ ಕಟ್ಟಿರುತ್ತಾರೆ. ಸರಾಗವಾಗಿ ನಡೆಯಬಲ್ಲವರು ಆ ಮೆಟ್ಟಿಲನ್ನು ಗಮನಿಸುವುದೇ ಇಲ್ಲ. ಗಾಲಿಕುರ್ಚಿಯಲ್ಲಿ ಬರುವವರಿಗಾದರೋ ಅದು ಗೋಡೆಗೆ ಸಮಾನವು. ಅವರು ಬೀದಿಯಿಂದಲೇ ಕೂಗಬೇಕು. ವರ್ತಕನು ತಂದುಕೊಟ್ಟುದನ್ನೇ ಕೊಳ್ಳಬೇಕು. ನಾಲ್ಕು ಪದಾರ್ಥಗಳನ್ನು ನೋಡಿ, ಬೆಲೆಯನ್ನು ಹೋಲಿಸಿ, ಬೇಕಾದುದನ್ನು ಆರಿಸಿಕೊಳ್ಳುವ ಗಿರಾಕಿಯ ಸಹಜವಾದ ಅಧಿಕಾರವನ್ನು ಆರು ಅಂಗುಲದ ಕಲ್ಲೊಂದು ಕಸಿದುಕೊಳ್ಳುತ್ತದೆ.

ಹಾಗಾದರೆ ಕೊರತೆಯಿರುವುದು ಎಲ್ಲಿ? 1965ರ ಯುದ್ಧದಲ್ಲಿ ಗಾಯಗೊಂಡ ಯೋಧ ಮುರಳಿಕಾಂತ ಪೇಟ್ಕರರು 1972ರಲ್ಲಿ ಹೈಡೆಲ್‌ಬರ್ಗಿನ ಪ್ಯಾರಾಲಿಂಪಿಕ್ ಕ್ರೀಡಾಕೂಟದ ಈಜಿನಲ್ಲಿ ಭಾರತಕ್ಕೆ ಮೊಟ್ಟಮೊದಲ ಚಿನ್ನದ ಪದಕವನ್ನು ಗಳಿಸಿಕೊಟ್ಟರು. ಸಾಮರ್ಥ್ಯಕ್ಕೇನೂ ಕೊರತೆಯಿಲ್ಲ, ಕೊರತೆಯಿರುವುದು ದಾರಿಯಲ್ಲಿ.

ದಾರಿಯನ್ನು ಮಾಡುವುದು ಹೇಗೆ? ಮೆಟ್ಟಿಲಿನ ಬದಲು ಇಳಿಜಾರು ಬೇಕು. ಒಂದು ಅಂಗುಲ ಎತ್ತರಕ್ಕೆ ಹನ್ನೆರಡು ಅಂಗುಲ ಉದ್ದವಿರಬೇಕೆಂಬುದು ಇದರ ಸೂತ್ರ. ಆರು ಅಂಗುಲದ ಮೆಟ್ಟಿಲಿಗೆ ಆರು ಅಡಿ. ಒಂದು ಅಡಿಯ ಎತ್ತರಕ್ಕೆ ಹನ್ನೆರಡು ಅಡಿ. ಇದಕ್ಕಿಂತ ಕಡಿದಾದರೆ ಕುರ್ಚಿಯು ಹಿಂದಕ್ಕೆ ಮಗುಚುವ ಅಪಾಯವುಂಟು. ಬಾಗಿಲು ಸುಮಾರು ಮೂರು ಅಡಿ ಅಗಲವಾಗಿರಬೇಕು.

ನಿಜವಾದ ತೊಡಕು ಇಲ್ಲಿಯೇ ಇದೆ. ಇಕ್ಕಟ್ಟಾದ ಬೀದಿಯಲ್ಲಿ ಆರು ಅಡಿಯನ್ನು ಎಲ್ಲಿಂದ ತರುವುದು? ಪಾದಚಾರಿ ಮಾರ್ಗದ ಮೇಲೆ ಚಾಚಿದರೆ ಒಬ್ಬರಿಗೆ ದಾರಿ ಮಾಡಿ ಮತ್ತೊಬ್ಬರ ದಾರಿಯನ್ನು ಕಟ್ಟಿದಂತಾಗುತ್ತದೆ; ಕುರುಡರು ಎಡವುವರು. ಆದುದರಿಂದ ಇಳಿಜಾರನ್ನು ಅಂಗಡಿಯ ಒಳಭಾಗದಿಂದಲೇ ಆರಂಭಿಸಬೇಕು. ಇಲ್ಲವೆ ಕಟ್ಟಡದ ಮುಂದೆ ಜಗಲಿಯಿದ್ದರೆ ನೆರೆಯ ನಾಲ್ಕು ಅಂಗಡಿಗಳವರು ಕೂಡಿ ಒಂದನ್ನೇ ಕಟ್ಟಿಸಿಕೊಳ್ಳಬೇಕು. ಇವೆರಡೂ ಅಸಾಧ್ಯವಾದಲ್ಲಿ, ಒಂದರ ಬದಲು ಮೂರು ನಾಲ್ಕು ಮಾದರಿಗಳನ್ನು ಬೆಲೆಸಹಿತ ಹೊರತಂದು ತೋರಿಸಬೇಕು. ಇದು ಎರಡನೆಯ ದರ್ಜೆಯ ಉಪಾಯವೆಂಬುದನ್ನು ಮಾತ್ರ ಮರೆಯಬಾರದು.

ಇನ್ನುಳಿದವುಗಳಿಗೆ ಖರ್ಚೇ ಇಲ್ಲ. ಓಡಾಡುವ ದಾರಿಯಲ್ಲಿ ಮೂಟೆಗಳನ್ನಿಡಬಾರದು. ಕಿವಿ ಕೇಳದವರಿಗೆ ಮುಖವನ್ನು ತೋರಿಸಿ ನಿಧಾನವಾಗಿ ಮಾತನಾಡಿ, ಬೆಲೆಯನ್ನು ಬರೆದು ತೋರಿಸಬೇಕು. ದೃಷ್ಟಿಯಿಲ್ಲದವರು ಬೆರಳಿನಿಂದ ಗುರುತಿಸಲೆಂದು ನೂರು ರೂಪಾಯಿಯ ನೋಟಿನಲ್ಲಿ ತ್ರಿಕೋನವೂ ಐನೂರರ ನೋಟಿನಲ್ಲಿ ವೃತ್ತವೂ ಉಬ್ಬಾಗಿ ಅಚ್ಚಾಗಿವೆ. ಹಳೆಯ ನೋಟುಗಳಲ್ಲಿ ಈ ಉಬ್ಬು ಸವೆದಿರುವುದರಿಂದ, ಚಿಲ್ಲರೆಯನ್ನು ಕೊಡುವಾಗ ಒಂದೊಂದನ್ನೂ ಹೆಸರಿಸಿ ಕೈಯಲ್ಲಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜೊತೆಯಲ್ಲಿ ಬಂದವರೊಡನೆಯಲ್ಲ, ಗಿರಾಕಿಯೊಡನೆಯೇ ಮಾತನಾಡಬೇಕು.

ಇದು ಕೇವಲ ದಯೆಯ ಮಾತಲ್ಲ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಸರಕಾರಿ ಸೇವೆಗಳಂತೆಯೇ ಖಾಸಗಿ ಸೇವೆಗಳೂ ಇವರಿಗೆ ಎಟುಕುವಂತಿರಬೇಕೆಂದು ವಿಧಿಸಿದೆ.

ವಿದ್ಯಾರ್ಥಿಮಿತ್ರರೇ, ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ ನಿಮಗೆ ಪರಿಚಯವಿರುವ ಐದು ಅಂಗಡಿಗಳ ಮೆಟ್ಟಿಲುಗಳನ್ನು, ಯಜಮಾನರ ಅಪ್ಪಣೆ ಪಡೆದು ಅಳೆಯಿರಿ. ಎತ್ತರವನ್ನು ಹನ್ನೆರಡರಿಂದ ಗುಣಿಸಿರಿ. ಅಷ್ಟು ಉದ್ದಕ್ಕೆ ಸ್ಥಳವೆಲ್ಲಿದೆಯೆಂಬುದನ್ನು ಚಿತ್ರ ಬರೆದು ಯಜಮಾನರಿಗೆ ವಿನಯದಿಂದ ತೋರಿಸಿರಿ. ಐವರಲ್ಲಿ ಒಬ್ಬರು ಒಪ್ಪಿದರೂ ನಿಮ್ಮ ಲೆಕ್ಕವು ಸಾರ್ಥಕವಾದಂತೆಯೇ.