ಅಮ್ಮ ಯಾರ ಮನೆಯಲ್ಲಿರಬೇಕು?

ತಂದೆಯ ವೈಕುಂಠ ಸಮಾರಾಧನೆಯ ಮರುದಿನ, ಬಾಡಿಗೆಗೆ ತಂದ ಪಾತ್ರೆಗಳಿನ್ನೂ ಹಿತ್ತಿಲಲ್ಲಿ ಬೋರಲು ಬಿದ್ದಿರುವಾಗಲೇ, ಮಕ್ಕಳೆಲ್ಲರೂ ನಡುಮನೆಯಲ್ಲಿ ಕುಳಿತು ತಾಯಿಯು ಇನ್ನು ಯಾರ ಬಳಿಯಲ್ಲಿರತಕ್ಕದ್ದೆಂದು ಚರ್ಚಿಸತೊಡಗುವ ದೃಶ್ಯವು ನಮ್ಮ ಸಂಸಾರಗಳಿಗೆ ಅಪರಿಚಿತವಾದುದಲ್ಲ. ಸಾಗರದ ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಒಳಗೆ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮನನ್ನು ಯಾರೂ ಕರೆಯಲಿಲ್ಲ.

ಆದಕಾರಣ ಮೊದಲು ಮಾಡತಕ್ಕ ಕೆಲಸ, ಅವರನ್ನೇ ಕೇಳುವುದು. ಅದೂ ಸಭೆಯಲ್ಲಲ್ಲ, ಸಲುಗೆಯುಳ್ಳ ಒಬ್ಬರು ಏಕಾಂತದಲ್ಲಿ. "ನೀವೆಲ್ಲ ಹೇಗಂದ್ರೆ ಹಾಗೆ" ಎಂಬ ಮೊದಲನೆಯ ಉತ್ತರವನ್ನು ಉತ್ತರವೆಂದು ಎಣಿಸಲಾಗದು. ಮೂರನೆಯ ದಿನ ಅಮ್ಮ ನನಗೆ ಹೇಳಿದ್ದೇ ಬೇರೆ: "ಬೆಂಗಳೂರಲ್ಲಿ ಎಲ್ರೂ ಬಾಗಿಲು ಹಾಕ್ಕೊಂಡೇ ಇರ್ತಾರೆ ಕಣೋ, ಯಾರ ಹತ್ರ ಮಾತಾಡೋದು?"

ಎರಡನೆಯದಾಗಿ, ಎಲ್ಲರೂ ಒಬ್ಬನೇ ವೈದ್ಯನ ಮಾತನ್ನು ಒಟ್ಟಿಗೆ ಕೇಳಬೇಕು. ದೂರದವರು ಫೋನಿನಲ್ಲಿ ಕೇಳಲಿ. ಹಬ್ಬಕ್ಕೆ ಬಂದ ಮಗಳು ಕಂಡ ತಾಯಿಯೇ ಬೇರೆ, ಇರುಳೆಲ್ಲ ಎಚ್ಚರವಿರುವ ಸೊಸೆ ಕಂಡ ಅತ್ತೆಯೇ ಬೇರೆ. ಜಗಳದ ಅರ್ಧ ಮೂಲ ಇದೇ. ಸ್ನಾನ, ಶೌಚ, ನಡಿಗೆ, ಊಟ, ಔಷಧ ಇವುಗಳಲ್ಲಿ ಯಾವುದು ಸ್ವತಃ ಸಾಧ್ಯ, ಯಾವುದಕ್ಕೆ ಆಸರೆ ಬೇಕೆಂದು ಒಂದೊಂದಾಗಿ ಕೇಳಿ ಬರೆದುಕೊಳ್ಳಿರಿ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು. ಎರಡು ವಾರಗಳ ಕಾಲ ಗೋಡೆಯ ಮೊಳೆಗೊಂದು ನೋಟುಪುಸ್ತಕವನ್ನು ತೂಗುಹಾಕಿ, ನಡೆದ ಪ್ರತಿಯೊಂದು ಕೆಲಸವನ್ನೂ ಮಾಡಿದವರ ಹೆಸರಿನೊಡನೆ ದಾಖಲಿಸಬೇಕು. "ರಾತ್ರಿ ಎರಡೂಕಾಲು, ಬಚ್ಚಲಿಗೆ ಕರೆದೊಯ್ದದ್ದು", "ಹಾಸಿಗೆಯ ಬಟ್ಟೆ ಒಗೆದದ್ದು", "ಗಂಜಿ ಬೇಡವೆಂದದ್ದಕ್ಕೆ ಮತ್ತೆ ಅನ್ನ ಬಸಿದದ್ದು": ನಮ್ಮ ಪುಸ್ತಕದ ಪುಟಪುಟದಲ್ಲಿಯೂ ಅತ್ತಿಗೆಯ ಹೆಸರೇ ಇದ್ದಿತು. ಅಣ್ಣನದು ಎರಡು ಸಲ, ಔಷಧದಂಗಡಿಗೆ ಹೋದದ್ದು. ತಿಂಗಳಿಗೊಮ್ಮೆ ಹಣ ಕಳುಹಿಸಿ ಕರ್ತವ್ಯ ಮುಗಿಯಿತೆಂದು ನೆಮ್ಮದಿಯಿಂದಿದ್ದ ನಾನು ಎಲ್ಲಿಯೂ ಇರಲಿಲ್ಲ.

ಆ ಪುಸ್ತಕವನ್ನು ಮುಂದಿಟ್ಟುಕೊಂಡೇ ಹೊಣೆಯನ್ನು ಹಂಚಿಕೊಳ್ಳಬೇಕು. ದೂರದವರು ಖರ್ಚನ್ನಷ್ಟೇ ಅಲ್ಲ, ದಿನಗಳನ್ನೂ ಕೊಡಲಿ. ವರ್ಷಕ್ಕೆರಡು ಸಲವಾದರೂ ಬಂದು ಹತ್ತು ದಿನ ನಿಂತು, ಆರೈಕೆ ಮಾಡುವವರನ್ನು ತವರಿಗೆ ಕಳುಹಿಸಲಿ. ಮೂರು ಮೂರು ತಿಂಗಳು ಸರದಿಯಂತೆ ಮುದುಕರನ್ನು ಮನೆಯಿಂದ ಮನೆಗೆ ಸಾಗಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಮರೆವು ತೊಡಗಿದವರಿಗಂತೂ ಪ್ರತಿಯೊಂದು ಹೊಸ ಬಚ್ಚಲಮನೆಯೂ ಅಪಾಯಸ್ಥಾನ.

ಆಸ್ತಿಯ ಮಾತನ್ನು ಈ ಪಂಕ್ತಿಗೆ ತರಬಾರದು. ತಂದೆತಾಯಿಗಳು ದಾನಪತ್ರ ಮಾಡಿಕೊಡುವುದಾದರೆ, ತಮ್ಮ ಪೋಷಣೆಯ ಷರತ್ತನ್ನು ಅದರಲ್ಲಿಯೇ ಸ್ಪಷ್ಟವಾಗಿ ಬರೆಸಲಿ. ಷರತ್ತು ಮುರಿದರೆ 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಕಾಯಿದೆಯ 23ನೆಯ ಪ್ರಕರಣದಂತೆ ಪತ್ರವನ್ನು ರದ್ದುಪಡಿಸಲು ನ್ಯಾಯಮಂಡಳಿಗೆ ಅಧಿಕಾರವುಂಟು.

ಮಾತು ಮುರಿದೇ ಹೋದಲ್ಲಿ, ನಿಮ್ಮ ಉಪವಿಭಾಗದ ಸಹಾಯಕ ಆಯುಕ್ತರ ಕಚೇರಿಯಲ್ಲಿ ತಂದೆತಾಯಿಗಳು ವಕೀಲರಿಲ್ಲದೆ ತಾವೇ ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶ ವಿಧಿಸಬಹುದೆಂದೂ, ನೋಟಿಸು ಮುಟ್ಟಿದ 90 ದಿನಗಳೊಳಗೆ ತೀರ್ಮಾನವಾಗತಕ್ಕದ್ದೆಂದೂ ಕಾಯಿದೆಯಲ್ಲಿದೆ. ಅದು ಮಕ್ಕಳೆಂದು ಹೊಣೆ ಹೊರಿಸಿರುವುದು ಮಗ, ಮಗಳು, ವಯಸ್ಕ ಮೊಮ್ಮಕ್ಕಳ ಮೇಲೆ. ನಮ್ಮ ನೋಟುಪುಸ್ತಕದ ತುಂಬ ಇದ್ದ ಸೊಸೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಅರ್ಜಿಗೆ ಮುನ್ನ ವಿಚಾರಿಸಬೇಕೆನ್ನುವವರು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.